ಎಡಗಡೆಯ ಗೀರುಗಳು

ಅಪ್ಪ ತಮ್ಮ ಕಾರನ್ನು ನನಗೆ ಕೊಟ್ಟಾಗ ನಾನು ಕಾರಣ ಕೇಳಲಿಲ್ಲ. ಧಾರವಾಡದ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. "ಗಾಡಿ ಸುಮ್ನ ನಿಂತೈತಿ. ನೀ ಪುಣೇಕ ಒಯ್ಯಿ, ಮಕ್ಕಳಿಗೆ ಆಗ್ತೈತಿ" ಅಂದರು. 2013ರಲ್ಲಿ ನಿವೃತ್ತಿಯ ಹಣದಿಂದ ಕೊಂಡ ಕಡುನೀಲಿ ವ್ಯಾಗನ್ ಆರ್ ಅದು. ದಿನಾ ಬೆಳಿಗ್ಗೆ ಸ್ನಾನಕ್ಕೆ ಮೊದಲು ಹಳೇ ಪಂಚೆಯ ತುಂಡಿನಿಂದ ಅದನ್ನು ಒರೆಸುವುದು ಅವರ ವ್ರತವಾಗಿತ್ತು. ಅಂಥ ಗಾಡಿಯನ್ನು ಇಷ್ಟು ಸಲೀಸಾಗಿ ಕೊಡುತ್ತಿದ್ದಾರೆ ಎಂದರೆ ಅದು ಪ್ರೀತಿಯೇ ಅಂದುಕೊಂಡೆ. ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಸುಮಾರು 400 ಕಿಲೋಮೀಟರ್ ಓಡಿಸಿಕೊಂಡು ಬಂದೆ.

ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿದ ಮೇಲೆ ಅದರ ಮೈ ಕಾಣತೊಡಗಿತು. ಅತ್ತಿತ್ತ ಇದ್ದವು ಹೊಸ ಗಾಡಿಗಳು, ನಡುವೆ ಕೆಎ 25. ಬಿಸಿಲು ಬಿದ್ದರೆ ಬಾನೆಟ್ಟಿನ ಮೇಲೆ ಜೇಡರ ಬಲೆ ಹರಡಿದ ಹಾಗೆ ಸುತ್ತುಸುತ್ತು ಗೆರೆಗಳು. ಎಡಗಡೆಯ ಬಾಗಿಲುಗಳ ಮೇಲೆ ಅಡ್ಡಡ್ಡ ಬಿಳಿ ಗೀರುಗಳು. ವಾಚ್‌ಮನ್ ಒಂದು ದಿನ ನಗುತ್ತ, "ಗಾಂವ್ ಕೀ ಗಾಡಿ ಹೈ ಕ್ಯಾ ಸರ್?" ಅಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಆ ಶನಿವಾರವೇ ಪಾಲಿಶ್ ಅಂಗಡಿ ಹುಡುಕಿಕೊಂಡು ಹೋದೆ. ಹದಿನೈದು ವರ್ಷ ಪರವೂರಿನಲ್ಲಿದ್ದರೂ ಕೆಲವು ಮಾತು ಬೇಗ ನಾಟುತ್ತವೆ.

ಅಂಗಡಿಯ ಹುಡುಗ ಸಾತಾರಾ ಕಡೆಯವನು. ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಮಾತು. "ಪೂರಾ ತೆಗೆದುಬಿಡು, ಹೊಸದರ ಹಾಗೆ ಆಗಬೇಕು" ಅಂದೆ. ಅವನು ಮಷಿನ್ ಮುಟ್ಟಲಿಲ್ಲ. ಮೊದಲು ಗಾಡಿ ತೊಳೆದ. ಆಮೇಲೆ ಕೈದೀಪ ಹಿಡಿದು ಒಂದೊಂದೇ ಗೀರಿನ ಮೇಲೆ ಉಗುರು ಆಡಿಸಿದ. ಉಗುರು ಸಲೀಸಾಗಿ ಜಾರಿದರೆ ಗೀರು ಮೇಲುಮೇಲಿನದು, ಪಾಲಿಶ್‌ಗೆ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಆಳವಾಗಿದೆ ಎಂದು ಅರ್ಥ. ಒದ್ದೆ ಮಾಡಿದಾಗ ಮಾಯವಾಗುವ ಗೀರು ಸಾಮಾನ್ಯವಾಗಿ ಮೇಲಿನ ಪಾರದರ್ಶಕ ಪದರದಲ್ಲೇ ಇರುತ್ತದೆ. ಒದ್ದೆಯಾದರೂ ಬೂದು ಬಣ್ಣ ಕಂಡರೆ ಪ್ರೈಮರ್ ತನಕ ಹೋಗಿದೆ, ಅಲ್ಲಿ ಪಾಲಿಶ್ ಮಾಡಿ ಪ್ರಯೋಜನವಿಲ್ಲ.

"ಬಾನೆಟ್ಟಿನ ಮೇಲಿನದೆಲ್ಲ ಒಣ ಬಟ್ಟೆಯಿಂದ ಒರೆಸಿದ್ದು ಸಾಹೇಬ. ಧೂಳಿನ ಕಣಗಳನ್ನು ದಿನಾ ತಿಕ್ಕಿದ್ದಾರೆ" ಅಂದ. ಅಪ್ಪನ ಪಂಚೆಯ ತುಂಡು ಕಣ್ಣಮುಂದೆ ಬಂತು. ಹತ್ತು ವರ್ಷದ ಆರೈಕೆಯೇ ಹತ್ತು ವರ್ಷದ ಗೀರು.

ಪೂರಾ ತೆಗೆಯಲು ಏನು ತೊಂದರೆ ಎಂದು ಕೇಳಿದೆ. ಆಗ ಅವನು ಹೇಳಿದ್ದು ನನಗೆ ಹೊಸದು. ಪಾಲಿಶ್ ಮಾಡುವವರು ಗೀರನ್ನು ತುಂಬುವುದಿಲ್ಲ, ಅಳಿಸುವುದೂ ಇಲ್ಲ. ಗೀರಿನ ಸುತ್ತಲಿನ ಮೈಯನ್ನೇ ಅದರ ತಳದ ಮಟ್ಟಕ್ಕೆ ಇಳಿಸುತ್ತಾರೆ. ಕಂಪನಿಯಿಂದ ಬಂದ ಗಾಡಿಯ ಬಣ್ಣದ ಎಲ್ಲ ಪದರ ಸೇರಿ ಸುಮಾರು 100ರಿಂದ 140 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ಆ ನೂರರಲ್ಲಿ ಎಲ್ಲಕ್ಕೂ ಮೇಲಿರುವ ಕ್ಲಿಯರ್ ಕೋಟ್ ಮೂವತ್ತೈದೋ ಐವತ್ತೋ ಮೈಕ್ರಾನ್ ಇರಬಹುದು, ನಮ್ಮ ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಅದೇ. ಕಂಪೌಂಡ್ ಹಾಕಿ ಮಷಿನ್ ತಿರುಗಿಸಿದರೆ ಪ್ರತಿ ಸಲ ಒಂದೆರಡು ಮೈಕ್ರಾನ್ ಹೋಗುತ್ತದೆ, ಮರಳುಕಾಗದ ಹಚ್ಚಿದರೆ ಇನ್ನೂ ಹೆಚ್ಚು. ಹೋದದ್ದು ಮತ್ತೆ ಬೆಳೆಯುವುದಿಲ್ಲ. ತೀರಾ ತೆಳುವಾದರೆ ಇವತ್ತು ಕನ್ನಡಿಯ ಹಾಗೆ ಹೊಳೆದು, ಕೆಲವು ಬೇಸಿಗೆ ಕಳೆದ ಮೇಲೆ ಮಂಕಾಗಿ ಸಿಪ್ಪೆ ಏಳುತ್ತದೆ.

ಆಮೇಲೆ ಅವನು ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವನ್ನು ಮೈಗೆ ಒತ್ತುತ್ತ ಬಂದ. ಬಾನೆಟ್ 112. ಮೇಲ್ಛಾವಣಿ 118. ಬಲಗಡೆಯ ಬಾಗಿಲುಗಳು 105, 109. ಎಡಗಡೆಯ ಮುಂದಿನ ಬಾಗಿಲು 108. ಎಡಗಡೆಯ ಹಿಂದಿನ ಬಾಗಿಲು 260.

ಮತ್ತೆ ಒತ್ತಿದ. 270, 255.

"ಇದು ಕಂಪನಿ ಬಣ್ಣ ಅಲ್ಲ. ಈ ಬಾಗಿಲು ಪೆಟ್ಟು ತಿಂದಿದೆ, ಮತ್ತೆ ಬಣ್ಣ ಹಚ್ಚಿಸಿದ್ದಾರೆ."

ಅಪ್ಪ ಅಂಥದ್ದೇನೂ ಹೇಳಿರಲಿಲ್ಲ. ಎಡಗಡೆಯ ಬಿಳಿ ಗೀರುಗಳನ್ನು ಮತ್ತೊಮ್ಮೆ ನೋಡಿದೆ. ಹನ್ನೊಂದು ಇದ್ದವು. ಹೆಚ್ಚುಕಡಿಮೆ ಎಲ್ಲವೂ ಒಂದೇ ಎತ್ತರದಲ್ಲಿ, ನಮ್ಮ ಮನೆಯ ಗೇಟಿನ ಚಿಲಕ ಇರುವ ಎತ್ತರದಲ್ಲಿ. ಹುಡುಗ, "ಎಲ್ಲರೂ ಎಡಗಡೆಯೇ ತಾಗಿಸುತ್ತಾರೆ ಸಾಹೇಬ, ಡ್ರೈವರ್ ಬಲಕ್ಕೆ ಕೂರುತ್ತಾನಲ್ಲ" ಅಂದ. ನಿಜವೇ. ಆದರೆ ಅಪ್ಪ ಆ ಗೇಟಿನೊಳಗೆ ಹತ್ತು ವರ್ಷ ಗಾಡಿ ಹೊಗಿಸಿದವರು. ಹಳೆಯ ಫೋಟೋಗಳಲ್ಲಿ ಆ ಬಾಗಿಲು ಸ್ವಚ್ಛವಾಗಿತ್ತು. ಎಷ್ಟು ಪಾಲಿಶ್ ಮಾಡಬೇಕೆಂದು ಆಮೇಲೆ ಹೇಳುತ್ತೇನೆಂದು ಮನೆಗೆ ಬಂದೆ.

ರಾತ್ರಿ ಫೋನ್ ಮಾಡಿದೆ. "ಹಿಂದಿನ ಬಾಗಲಕ್ಕ ಬಣ್ಣ ಹಚ್ಚಿಸಿದ್ರೇನ್ರೀ ಅಪ್ಪಾ?"

"ಯಾರು ಹೇಳಿದ್ರು?"

"ಒಂದು ಮಷಿನ್ ಹೇಳ್ತು."

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ದೀಪಾವಳಿಯ ಮುಂದೆ, ಲೈನ್ ಬಜಾರಿನ ಹತ್ತಿರ, ಎಡಕ್ಕೆ ತಿರುಗುವಾಗ ಸೈಕಲ್ ಮೇಲಿದ್ದ ಹುಡುಗನೊಬ್ಬ ಬಾಗಿಲಿಗೆ ತಾಗಿ ಬಿದ್ದ. "ಮೊಣಕೈ ತರಚಿತ್ತಪಾ, ಅಷ್ಟ. ದವಾಖಾನಿಗೆ ನಾನ ಕರಕೊಂಡು ಹೋಗಿದ್ದೆ. ಆದ್ರ ತಮ್ಮಾ, ಅಂವ ನನಗ ಕಾಣಲೇ ಇಲ್ಲ. ಬಾಜೂಕ ಇದ್ದ, ಕಾಣಲಿಲ್ಲ." ಅದಾದ ಮೇಲೂ ನಾಲ್ಕು ತಿಂಗಳು ಓಡಿಸಿದ್ದಾರೆ. ಗೇಟಿಗೆ ತಾಗುತ್ತಲೇ ಇತ್ತಂತೆ. ಕೊನೆಗೆ ಒಂದು ದಿನ ಕೀಲಿ ತೆಗೆದು ದೇವರ ಮನೆಯ ಗೂಡಿನಲ್ಲಿಟ್ಟರು. ಗಾಡಿ ಕೊಟ್ಟದ್ದು ಅದಕ್ಕೆ.

ಕಣ್ಣು ತೋರಿಸಿಕೊಳ್ಳಿ ಎಂದರೆ, "ಪೇಪರ್ ಛಲೋ ಕಾಣ್ತೈತಿ, ಕಣ್ಣಿಗೇನಾಗೈತಿ?" ಎಂಬ ಹಟ. ಅವ್ವ ಫೋನ್ ಕಸಿದುಕೊಂಡು, ಊಟಕ್ಕೆ ಕೂತಾಗ ಎಡಕ್ಕಿಟ್ಟ ನೀರಿನ ತಂಬಿಗೆಯನ್ನು ಮೂರು ಸಲ ಉರುಳಿಸಿದ್ದನ್ನು ಹೇಳಿದಳು. ಅವಳು ಅದನ್ನು ವಯಸ್ಸಿನ ಅವಸರ ಅಂದುಕೊಂಡಿದ್ದಳು. ಹುಬ್ಬಳ್ಳಿಯ ತಂಗಿ ಮರುದಿನವೇ ಬಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಗ್ಲಾಕೋಮಾ. ಎರಡೂ ಕಣ್ಣಿಗೆ, ಎಡಗಣ್ಣಿಗೆ ಹೆಚ್ಚು. ನೋವಿಲ್ಲದೆ ಬರುವ ಕಾಯಿಲೆ. ನಡುವಿನ ನೋಟವನ್ನು ಹಾಗೇ ಬಿಟ್ಟು ಅಂಚಿನಿಂದ ತಿನ್ನುತ್ತ ಬರುತ್ತದೆ, ಹಾಗಾಗಿ ಪೇಪರು ಕಾಣುತ್ತದೆ, ಸೈಕಲ್ ಕಾಣುವುದಿಲ್ಲ. ಹೋದ ನೋಟ ತಿರುಗಿ ಬರುವುದಿಲ್ಲ. ದಿನಾ ರಾತ್ರಿ ತಪ್ಪದೆ ಹನಿ ಹಾಕಿಕೊಂಡು, ಕಣ್ಣಿನ ಒತ್ತಡ ಇಳಿಸಿ, ಉಳಿದಿರುವುದನ್ನು ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು.

ಇದೆಲ್ಲ ಮುಗಿಯುವ ಹೊತ್ತಿಗೆ ಮೂರು ವಾರವಾಗಿತ್ತು. ಗಾಡಿ ಹಾಗೇ ನಿಂತಿತ್ತು. ಈಗ ನನಗೆ ಅದನ್ನು ಮುಟ್ಟಲು ಮನಸ್ಸಿರಲಿಲ್ಲ. ಹನ್ನೊಂದು ಗೀರುಗಳು ಒಂದು ವರ್ಷ ಗೇಟಿನ ಮುಂದೆ ಕೂಗಿ ಹೇಳಿದ್ದನ್ನು ಮನೆಯವರು ಯಾರೂ ಕೇಳಿಸಿಕೊಂಡಿರಲಿಲ್ಲ. ಯುಗಾದಿಗೆ ಹೋದಾಗ ನಾನೇ ಅವನ್ನು ನೋಡಿ, "ಅಪ್ಪನ ಡ್ರೈವಿಂಗ್!" ಎಂದು ನಕ್ಕಿದ್ದೆ. ಇರಲಿ, ನನಗೆ ನೆನಪಿರಲಿ ಅನಿಸಿತ್ತು.

ನನ್ನ ಹೆಂಡತಿ ಒಂದೇ ಮಾತು ಹೇಳಿದಳು. "ನಿಮಗ ನೆನಪಿರಬೇಕಂತ ಇಟ್ಕೋತೀರಿ. ಮಾವನವರು ಬಂದಾಗೆಲ್ಲ ಅದ ಬಾಗಲಾ ತಗದು ಕೂಡಬೇಕಲ್ರೀ?"

ಆ ಶನಿವಾರ ಮತ್ತೆ ಅಂಗಡಿಗೆ ಹೋದೆ. ಹುಡುಗನ ಜೊತೆ ಕೂತು ಲೆಕ್ಕ ಹಾಕಿದೆವು. ಇಡೀ ಗಾಡಿಗೆ ನಯವಾದ ಪಾಲಿಶ್ ಒಂದೇ ಸುತ್ತು. ಬಾನೆಟ್ಟಿನ ಜೇಡರ ಬಲೆ ಮುಕ್ಕಾಲು ಹೋದರೆ ಸಾಕು. ಎಡಗಡೆ ಉಗುರು ಜಾರುವ ಎಂಟು ಗೀರುಗಳಿಗೆ ಮಾತ್ರ ಕಂಪೌಂಡ್, ಅದೂ ಬಾಗಿಲಿನ ಏಣುಗಳಿಗೆ ಟೇಪ್ ಅಂಟಿಸಿ, ಏಕೆಂದರೆ ಏಣಿನ ಮೇಲೆ ಬಣ್ಣ ಬೇಗ ಸವೆಯುತ್ತದೆ. ಉಗುರು ಸಿಗುವ ಎರಡನ್ನು ಹಾಗೇ ಬಿಡುವುದು, ಅಂಚು ಮಾತ್ರ ಮಂದವಾಗಲಿ. ಪ್ರೈಮರ್ ಕಂಡ ಒಂದಕ್ಕೆ ತುಕ್ಕು ಹಿಡಿಯದಂತೆ ಟಚ್‌ಅಪ್ ಬಣ್ಣದ ಒಂದು ಗೆರೆ. ಮರಳುಕಾಗದ ಎಲ್ಲಿಯೂ ಬೇಡ. 260 ತೋರಿಸಿದ ಬಾಗಿಲನ್ನು ಜಾಸ್ತಿ ತಿಕ್ಕಬಹುದೇ ಎಂದು ಕೇಳಿದೆ. ಬೇಡ ಅಂದ. ಯಂತ್ರ ಒಟ್ಟು ದಪ್ಪವನ್ನಷ್ಟೇ ಹೇಳುತ್ತದೆ, ಕ್ಲಿಯರ್ ಎಷ್ಟು, ಒಳಗೆ ಪುಟ್ಟಿ ಎಷ್ಟು ಎಂದು ಹೇಳುವುದಿಲ್ಲ.

ಅಪ್ಪ-ಅವ್ವ ಡಿಸೆಂಬರಿನಲ್ಲಿ ಪುಣೆಗೆ ಬಂದರು. ಸ್ಟೇಷನ್ನಿನ ಹೊರಗೆ ಅಪ್ಪ ಗಾಡಿಯನ್ನು ಒಂದು ಸುತ್ತು ಹಾಕಿದರು, ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡುತ್ತ. ಹಾಗೆ ನೋಡುವುದನ್ನು ಈಗ ರೂಢಿ ಮಾಡಿಕೊಂಡಿದ್ದಾರೆ. ಬಾಗಿಲಿನ ಮೇಲೆ ಅಂಗೈ ಆಡಿಸಿದರು. ಉಳಿದ ಎರಡು ಗೀರು ಕೈಗೆ ಸಿಕ್ಕವು.

"ಎಲ್ಲಾ ತಗಸಿಲ್ಲಲ್ಲ?"

"ಎಲ್ಲಾ ತಗದ್ರ ಬಣ್ಣ ಉಳಿಯೂದಿಲ್ಲಂತ್ರೀ. ಇದ್ದದ್ದನ್ನ ಉಳಸ್ಕೋಬೇಕಂತ."

"ನಮ್ಮ ಡಾಕ್ಟ್ರೂ ಅದನ್ನ ಹೇಳ್ತಾರ" ಎಂದು ನಕ್ಕು, ಎಡಗಡೆಯ ಸೀಟಿನಲ್ಲಿ ಕೂತರು. ಕಿಸೆಯಿಂದ ಪಂಚೆಯ ತುಂಡು ತೆಗೆದು ಡ್ಯಾಶ್‌ಬೋರ್ಡ್ ಒರೆಸತೊಡಗಿದರು. ಬಾನೆಟ್ಟಿಗೆ ಮಾತ್ರ ಒಣ ಬಟ್ಟೆ ಬೇಡ ಎಂದೆ. "ಮೊದಲ ಹೇಳಬಾರದಿತ್ತೇನು?" ಅಂದರು.

ಮನೆಗೆ ಹೋಗುವ ದಾರಿಯಲ್ಲಿ ಟ್ರಾಫಿಕ್ಕಿನ ನಡುವೆ ಒಂಬತ್ತಕ್ಕೆ ಅವರ ಮೊಬೈಲಿನ ಅಲಾರಂ ಹೊಡೆಯಿತು. ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಅಪ್ಪ ತಲೆ ಹಿಂದಕ್ಕೆ ಚೆಲ್ಲಿ ಕೂತರು. ಅವ್ವ ಹಿಂದಿನ ಸೀಟಿನಿಂದ ಬಾಗಿ, ಮೊದಲು ಎಡಗಣ್ಣಿಗೆ, ಆಮೇಲೆ ಬಲಗಣ್ಣಿಗೆ ಒಂದೊಂದು ಹನಿ ಹಾಕಿದಳು.