ಕಚ್ಚಾ ಹೊಲಿಗೆಯ ಪಾಠ

ಮಗಳ ವಿವಾಹದ ಉಡುಪನ್ನು ಹೊಲಿಯಲು ಕೊಟ್ಟಿದ್ದ ಅಂಗಡಿಯು ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟ್ ಬಳಿಯ ಗಲ್ಲಿಯೊಂದರಲ್ಲಿದೆ. ಸಂತ ಮರಿಯಮ್ಮನವರ ಮಹಾದೇವಾಲಯದಲ್ಲಿ ಸಂಜೆಯ ಬಲಿಪೂಜೆ ಮುಗಿಸಿಕೊಂಡು ಅಲ್ಲಿಗೆ ಹೋದೆವು. ಅಂಗಡಿಯ ಫಲಕದ ಮೇಲೆ ಇಬ್ಬರ ಹೆಸರುಗಳಿವೆ. ಒಬ್ಬರು ವಿನ್ಯಾಸ ಬರೆದು ಬಟ್ಟೆ ಕತ್ತರಿಸುವವರು. ಮತ್ತೊಬ್ಬರು ಕಸೂತಿ ಬಲ್ಲವರು.

ಅಂದು ಅವರಿಬ್ಬರಲ್ಲಿ ಒಂದು ವಾದ ನಡೆದಿತ್ತು. ತೋಳಿನ ತುಂಬ ಮುತ್ತಿನ ಹೂಗಳಿರಲಿ ಎಂಬುದು ಕಸೂತಿಯವರ ಆಸೆ. ಭಾರಕ್ಕೆ ತೋಳು ಜೋತುಬಿದ್ದೀತು ಎಂಬುದು ಜೊತೆಗಾರರ ಆತಂಕ. ಯಾರೂ ದನಿ ಏರಿಸಲಿಲ್ಲ. ಕಸೂತಿಯ ತುಂಡನ್ನು ತೋಳಿಗೆ ಕಚ್ಚಾ ಹೊಲಿಗೆಯಿಂದ ಸೇರಿಸಿ, ಮಗಳಿಗೆ ತೊಡಿಸಿ, ಕೈಯೆತ್ತಿ ಇಳಿಸಲು ಹೇಳಿದರು. ತೋಳು ಜಗ್ಗಿತು. ಕಸೂತಿಯವರು ತಾವೇ ದಾರ ಎಳೆದು ಬಿಚ್ಚಿ, ಹೂಗಳನ್ನು ಮಣಿಕಟ್ಟಿನ ಅಂಚಿಗೆ ಮಾತ್ರ ಇರಿಸಿಕೊಂಡರು. ಗೆದ್ದವರು ಯಾರೆಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ತೊಡುವವಳಿಗೆ ಹಿತವಾಯಿತೇ ಎಂಬುದೊಂದೇ ಪ್ರಶ್ನೆ.

ನನ್ನ ಹಳೆಯ ತಪ್ಪೊಂದು ಆಗ ನೆನಪಾಯಿತು. ಧರ್ಮಕೇಂದ್ರದ ಸ್ಮರಣ ಸಂಚಿಕೆಗಾಗಿ ಹಲಸೂರಿನ ಗೆಳೆಯನೊಬ್ಬನೂ ನಾನೂ ಕೂಡಿ ಒಂದು ಚರಿತ್ರೆ ಬರೆದಿದ್ದೆವು. ಮನೆಮನೆಗೆ ಹೋಗಿ ಹಿರಿಯರ ನೆನಪುಗಳನ್ನು ಕೇಳಿ ತಂದವನು ಅವನು; ವಾಕ್ಯ ಕಟ್ಟಿದವನು ನಾನು. ಮೊದಲ ಪುಟದ ಅಲಂಕಾರವನ್ನು ಬಿಟ್ಟುಬಿಡು ಎಂದು ಅವನು ಹೇಳಿದಾಗ ನನಗೆ ಸಿಟ್ಟು ಬಂದಿತು. ಆ ಪುಟ ಹಾಗೆಯೇ ಅಚ್ಚಾಯಿತು, ನನ್ನೊಬ್ಬನ ಹೆಸರಿನಲ್ಲಿ. ಗೆಳೆಯ ಮಾತು ಬಿಡಲಿಲ್ಲ; ನನ್ನೊಡನೆ ಬರೆಯುವುದನ್ನು ಮಾತ್ರ ಬಿಟ್ಟನು.

ಉಡುಪು ವಿನ್ಯಾಸದ ಲೋಕದಲ್ಲಿ ಜೋಡಿ ಹೆಸರುಗಳು ಅಪರೂಪವಲ್ಲ. ಮುಂಬಯಿಯ ಅಬು ಜಾನಿ ಮತ್ತು ಸಂದೀಪ್ ಖೋಸ್ಲಾ 1986ರಲ್ಲಿ ಪರಿಚಿತರಾಗಿ ಒಂದೇ ಮುದ್ರೆಯಡಿ ದುಡಿದವರು. 1985ರಲ್ಲಿ ಮಿಲಾನಿನಲ್ಲಿ ಮೊದಲ ಪ್ರದರ್ಶನ ನೀಡಿದ ಡೊಲ್ಚೆ ಮತ್ತು ಗಬ್ಬಾನರಲ್ಲಿ ಡೊಲ್ಚೆ ಸಿಸಿಲಿಯ ದರ್ಜಿಯೊಬ್ಬರ ಮಗ. ಅವರ ಒಂದು ಅಂಗಿಯಲ್ಲಿ ಯಾರ ಪಾಲು ಎಷ್ಟೆಂದು ನಾವು ಅಳೆಯಲಾರೆವು. ಅಂಗಿಯ ಮೇಲೆ ಎರಡು ಹೆಸರುಗಳಿರುವುದನ್ನಷ್ಟೇ ಕಾಣುತ್ತೇವೆ. ಬರಹಗಾರರಾದ ನಮಗೆ ಅಷ್ಟು ಔದಾರ್ಯ ಏಕೆ ಕಷ್ಟವಾಗಬೇಕು?

ಪವಿತ್ರ ಗ್ರಂಥದಲ್ಲಿಯೂ ಇಂತಹ ಕೂಡುದುಡಿಮೆಯಿದೆ. ಸಂತ ಪೌಲರು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಗಳ ಮನೆಯಲ್ಲಿದ್ದು ಅವರೊಡನೆ ಗುಡಾರದ ಕಸುಬು ಮಾಡಿದರೆಂದು ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯ ತಿಳಿಸುತ್ತದೆ. ರೋಮನರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ, ಆ ಪತ್ರವನ್ನು ಬರೆದುಕೊಂಡ ತೆರ್ತಿಯನು ತನ್ನ ಹೆಸರಿನಲ್ಲಿಯೇ ವಂದನೆ ಹೇಳುತ್ತಾನೆ. ಅಷ್ಟು ದೊಡ್ಡ ಪ್ರೇಷಿತರ ಪತ್ರದಲ್ಲಿ ಲೇಖನಿ ಹಿಡಿದವನಿಗೂ ಒಂದು ಸಾಲು ದೊರಕಿತು. ನನ್ನ ಗೆಳೆಯನಿಗೆ ನಾನು ಅಷ್ಟನ್ನೂ ಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ಪೂಜೆಯ ನಂತರ ಹಲಸೂರಿಗೆ ಹೋದೆ. ಕ್ಷಮೆ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಮತ್ತೆ ಅಚ್ಚು ಹಾಕಿಸಿದರೆ ಆ ಮೊದಲ ಪುಟ ಬಿಡುತ್ತೀಯಾ?" ಎಂದನು. ಇಬ್ಬರೂ ನಕ್ಕೆವು.

ಈಗ ನಾವಿಬ್ಬರೂ ಆ ಚರಿತ್ರೆಯನ್ನು ತಿದ್ದುತ್ತಿದ್ದೇವೆ. ನಾನು ಪೆನ್ಸಿಲಿನಲ್ಲಿ, ಅಂಚು ಅಗಲವಾಗಿ ಬಿಟ್ಟು ಬರೆಯುತ್ತೇನೆ. ಅದು ನನ್ನ ಕಚ್ಚಾ ಹೊಲಿಗೆ. ಅವನು ಬಿಚ್ಚಿದರೂ ಬಟ್ಟೆ ಹರಿಯುವುದಿಲ್ಲ.