ಕೈಗುಣ

ನಮ್ಮೂರು ಕೊಳಗಲ್ಲಿನಲ್ಲಿ ಯಾವ ಮಗುವಿನ ಕಿವಿ ಚುಚ್ಚಿಸಿದರೂ ನನ್ನಜ್ಜಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾರ ಕೈಲಿ ಚುಚ್ಚಿಸಿದ್ರಿ?" ಓಲೆ ಎಷ್ಟು ಗ್ರಾಂ, ಊಟಕ್ಕೆ ಏನು ಮಾಡಿಸಿದ್ರಿ, ಇವೆಲ್ಲ ಆಮೇಲೆ. ನನ್ನ ಕಿವಿ ಚುಚ್ಚಿದ್ದು ಊರಿನ ಪತ್ತಾರ ತಾತ. ಸೋದರಮಾವನ ತೊಡೆ, ಬಾಯಲ್ಲಿ ಬೆಲ್ಲ, ಚೂಪು ಮಾಡಿದ ಚಿನ್ನದ ತಂತಿ, ಆಮೇಲೆ ಕೊಬ್ಬರಿ ಎಣ್ಣೆ. ಕೀವಾಗದೆ ಒಣಗಿತಂತೆ. "ಆತನ ಕೈಗುಣ ಬೇಸೈತೆ" ಅಂತ ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು.

ಕೈಗುಣ ಅಂದರೆ ಅದೃಷ್ಟ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅದರ ಬೆಲೆ ನನ್ನ ಬಲಗಿವಿ ತೆತ್ತಿದೆ.

ಇಪ್ಪತ್ಮೂರರಲ್ಲಿ, ಬೆಂಗಳೂರಿನ ಮೊದಲ ಸಂಬಳದ ಖುಷಿಯಲ್ಲಿ, ಮಾಲ್ ಒಂದರ ಕೌಂಟರಿನಲ್ಲಿ ಕೂತು ಕಿವಿಯ ಮೇಲ್ಭಾಗಕ್ಕೆ ಗನ್ ಹೊಡೆಸಿಕೊಂಡೆ. ಎರಡು ಸೆಕೆಂಡಿನ ಕೆಲಸ. ನಾಲ್ಕನೇ ದಿನಕ್ಕೆ ಕಿವಿ ಬದನೆಕಾಯಿ ಆಗಿತ್ತು. ಡಾಕ್ಟರು ಕೊಯ್ದು ಕೀವು ತೆಗೆದರು. ಗನ್ ಮಾಡುವ ಕೆಲಸ ಏನು ಅಂತ ಆಮೇಲೆ ಗೊತ್ತಾಯಿತು. ಅದು ಮೊಂಡು ಕಡ್ಡಿಯೊಂದನ್ನು ಸ್ಪ್ರಿಂಗಿನ ಜೋರಿಗೆ ಮಾಂಸದೊಳಗೆ ಜಜ್ಜಿ ತೂರಿಸುತ್ತದೆ. ಗನ್ನಿನ ಪ್ಲಾಸ್ಟಿಕ್ ಮೈ ಆಟೋಕ್ಲೇವ್‌ನ ಶಾಖ ತಡೆಯುವುದಿಲ್ಲ, ಹಾಗಾಗಿ ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ. ಕಿವಿಯ ಮೇಲ್ಭಾಗದ ಮೃದು ಎಲುಬಿಗೆ ಸ್ವಂತ ರಕ್ತನಾಳಗಳಿಲ್ಲ. ಅಲ್ಲಿ ಸೋಂಕು ಹೊಕ್ಕರೆ ಬೇಗ ಬಿಡುವುದಿಲ್ಲ. ನನ್ನ ಬಲಗಿವಿಯ ತುದಿ ಇವತ್ತಿಗೂ ಒಣಗಿದ ಎಲೆಯಂತೆ ಮುದುರಿದೆ. ಫೋಟೋ ಅಂದರೆ ಎಡಕ್ಕೆ ತಿರುಗುತ್ತೇನೆ.

ಇಷ್ಟಾದ ಮೇಲೂ ಇಪ್ಪತ್ತೊಂಬತ್ತರಲ್ಲಿ ಹೊಕ್ಕುಳು ಚುಚ್ಚಿಸಿಕೊಳ್ಳಬೇಕು ಅನ್ನಿಸಿತು. ಯಾಕೆ ಅಂತ ಕೇಳಿದ ಗೆಳತಿಗೆ "ಚೆನ್ನಾಗಿರುತ್ತೆ" ಅಂದೆ. ನಿಜ ಹೇಳಬೇಕೆಂದರೆ, ನನ್ನ ಕಿವಿ ಚುಚ್ಚಿಸಿದ್ದು ಶಾಸ್ತ್ರಕ್ಕೆ. ಮೂಗು ಚುಚ್ಚಿಸಿದ್ದು ಹೆಣ್ಣು ನೋಡಲು ಬರುವವರು ಕೇಳುತ್ತಾರೆ ಅಂತ. ಯಾರೂ ನೋಡದ ಜಾಗದಲ್ಲಿ, ಯಾರೂ ಹೇಳದೆ, ನನ್ನದು ಅಂತ ಒಂದು ಬೇಕಿತ್ತು. 1993ರಲ್ಲಿ ಏರೋಸ್ಮಿತ್ ತಂಡದ ಹಾಡಿನ ವಿಡಿಯೋ ಒಂದರಲ್ಲಿ ನಟಿ ಅಲಿಸಿಯಾ ಸಿಲ್ವರ್‌ಸ್ಟೋನ್ ಪಾತ್ರ ಹೊಕ್ಕುಳು ಚುಚ್ಚಿಸಿಕೊಂಡ ಮೇಲೆ ಜಗತ್ತಿನ ಎಷ್ಟೋ ಹುಡುಗಿಯರಿಗೆ ಇದೇ ಆಸೆ ಹತ್ತಿತಂತೆ. ನಾನು ತಡವಾಗಿ ಬಂದವಳು, ಅಷ್ಟೇ.

ಮೊದಲು ಹೋದ ಸ್ಟುಡಿಯೋದಲ್ಲಿ "ಬನ್ನಿ ಮೇಡಂ, ಐದು ನಿಮಿಷ" ಅಂದರು. ಒಡವೆಗಳು ತೆರೆದ ಬಟ್ಟಲಲ್ಲಿದ್ದವು. ಯಾವ ಲೋಹ ಅಂದರೆ "ಸರ್ಜಿಕಲ್ ಸ್ಟೀಲ್, ಬೆಸ್ಟ್!" (ಸಾಮಾನ್ಯವಾಗಿ ಬಳಸುವ 316ಎಲ್ ಸ್ಟೀಲ್‌ನಲ್ಲಿ ನೂರಕ್ಕೆ 10ರಿಂದ 14 ಭಾಗ ನಿಕ್ಕಲ್ ಇರುತ್ತದೆ. ನಿಕ್ಕಲ್ ಆಗದವರಿಗೆ ತುರಿಕೆ ಗ್ಯಾರಂಟಿ ಅನ್ನಲಾಗದಿದ್ದರೂ ಜೂಜು.) ಆಟೋಕ್ಲೇವ್ ಎಲ್ಲಿ ಅಂದರೆ ಒಳಗಿದೆ ಅಂದರು, ತೋರಿಸಲಿಲ್ಲ. ಮಲಗುವ ಮೇಜಿನ ಕಡೆ ಮುಖ ಮಾಡಿ ಒಂದು ಫೋನು ನಿಂತಿತ್ತು. "ರೀಲ್ ಮೇಡಂ, ಮುಖ ಬರಲ್ಲ." ಟಾಪಿನ ಅಂಚು ಹಿಡಿದಿದ್ದ ಕೈ ಅಲ್ಲೇ ನಿಂತಿತು. ಬ್ಯಾಗ್ ಎತ್ತಿಕೊಂಡು ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಕಾಲು ನಡುಗುತ್ತಿತ್ತು.

ಎರಡನೆಯದನ್ನು ಹುಡುಕಲು ಎರಡು ತಿಂಗಳು ತೆಗೆದುಕೊಂಡೆ. ಚುಚ್ಚಿದ ದಿನದ ಫೋಟೋ ಎಲ್ಲರ ಹತ್ತಿರವೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಆರು ತಿಂಗಳ ನಂತರದ ಫೋಟೋ ಕೇಳಿದೆ. ಅದನ್ನು ತೋರಿಸಿದವರು ಒಬ್ಬರೇ, ಒಬ್ಬ ಅಕ್ಕ. ನಲವತ್ತರ ಆಸುಪಾಸು.

ಅಕ್ಕ ಸೂಜಿ ಮುಟ್ಟಲೇ ಇಲ್ಲ. ಮೊದಲು ಬಾಗಿಲು ಹಾಕಿ, "ಜೊತೆಗೆ ಬಂದಿರೋ ಫ್ರೆಂಡ್ ಒಳಗಿರಲಾ, ಹೊರಗಿರಲಾ?" ಅಂತ ಕೇಳಿದರು. ಆಮೇಲೆ ನಿಲ್ಲಿ ಅಂದರು, ಕೂರಿ ಅಂದರು, ಬಗ್ಗಿ ಅಂದರು. ಮುಟ್ಟುವ ಮೊದಲು "ಮುಟ್ಟಲಾ?" ಅಂದರು. ಕೂತಾಗ ನನ್ನ ಹೊಕ್ಕುಳ ಮೇಲಿನ ತುಟಿ ಮಡಚಿ ಮುಚ್ಚಿಕೊಳ್ಳುತ್ತದೆ. ಎರಡೂ ಕಡೆ ದಪ್ಪ ಗುಂಡಿರುವ ಮಾಮೂಲಿ ಒಡವೆ ಹಾಕಿದರೆ ಕೂತಾಗಲೆಲ್ಲ ಕೆಳಗಿನ ಗುಂಡು ಹೊರಗೆ ತಳ್ಳಿಕೊಂಡು, ಬರಬರುತ್ತಾ ಚರ್ಮವೇ ಅದನ್ನು ಹೊರಹಾಕುತ್ತದೆ. ಕೆಳಗೆ ಚಪ್ಪಟೆ ಬಿಲ್ಲೆ ಇರುವುದು ಬೇಕು ಅಂದರು. ಆಮೇಲೆ ನಾನು ಎಣಿಸಿರದ ಪ್ರಶ್ನೆ: "ಮುಂದೆ ಸೀರೆ ಉಡೋದು ಯಾವಾಗ?"

"ತಂಗಿ ಮದುವೆ ಇದೆ ಮೇಡಂ. ಮೇ ತಿಂಗಳು, ಬಳ್ಳಾರಿ."

ಅಕ್ಕ ನಕ್ಕರು. "ಬಳ್ಳಾರಿ ಬಿಸಿಲು, ಬೆವರು, ಮೂರು ದಿನ ಲಂಗದ ಲಾಡಿ, ಅದರ ಮೇಲೆ ನೆರಿಗೆ. ಬೇಡ. ಮದುವೆ ಮುಗಿಸಿ ಬನ್ನಿ." ಒಂದು ರೂಪಾಯಿ ತಗೊಳ್ಳಲಿಲ್ಲ. "ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ?" ಅಂತ ಮಾತ್ರ ಕೇಳಿದರು. ಆಗಿರಲಿಲ್ಲ. ಆ ವೈರಸ್ ಮೈಯ ಹೊರಗೆ, ಒಣಗಿದ ರಕ್ತದಲ್ಲೂ, ಕನಿಷ್ಠ 7 ದಿನ ಬದುಕಬಲ್ಲದು. ಲಸಿಕೆ ಮೂರು ಡೋಸು, ಮೊದಲನೆಯದಾಗಿ ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮತ್ತೊಂದು. ನಾನು ಆ ಆರು ತಿಂಗಳು ಕಾದೆ.

ಕಾಯುವಾಗ ನನಗೆ ಹೊಳೆದದ್ದು ಇದು. ಆ ಅಂಗಡಿಯ ಗೋಡೆಯಲ್ಲೂ ಈ ಅಕ್ಕನ ಗೋಡೆಯಲ್ಲೂ ಟ್ರೇಡ್ ಲೈಸೆನ್ಸ್ ಇತ್ತು. ಲೈಸೆನ್ಸ್ ಅಂಗಡಿಗೆ ಕೊಟ್ಟದ್ದು, ಕೈಗಲ್ಲ. ಕೈಯನ್ನು ನಾವೇ ಪರೀಕ್ಷೆ ಮಾಡಬೇಕು. ಹೊಕ್ಕುಳಾಗಲಿ, ಎದೆಯಾಗಲಿ, ಅದಕ್ಕಿಂತ ಒಳಗಿನ ಜಾಗವಾಗಲಿ, ಮುಜುಗರ ಹೆಚ್ಚಿದಷ್ಟೂ ನಾವು ಕಡಿಮೆ ಪ್ರಶ್ನೆ ಕೇಳುತ್ತೇವೆ, ಬೇಗ ಮುಗಿದರೆ ಸಾಕು ಅನ್ನುತ್ತೇವೆ. ಅಪಾಯ ಇರುವುದು ಅಲ್ಲೇ. ಆದ್ದರಿಂದ ಬಟ್ಟೆ ಸರಿಸುವ ಮೊದಲೇ ಕೇಳಿ. ಸೂಜಿಯ ಪೊಟ್ಟಣ ನನ್ನ ಕಣ್ಣೆದುರೇ ಒಡೆಯುತ್ತೀರಾ? ಆಟೋಕ್ಲೇವ್‌ನ ಸ್ಪೋರ್ ಟೆಸ್ಟ್ ವರದಿ ತೋರಿಸುತ್ತೀರಾ? (ಪೊಟ್ಟಣದ ಬಣ್ಣ ಬದಲಾದರೆ ಶಾಖ ತಗುಲಿದೆ ಅಂತಷ್ಟೇ ಅರ್ಥ. ಕ್ರಿಮಿ ಸತ್ತಿದೆಯಾ ಅಂತ ಹೇಳುವುದು ಸ್ಪೋರ್ ಟೆಸ್ಟ್.) ಒಡವೆ ಇಂಪ್ಲಾಂಟ್ ಗ್ರೇಡ್ ಟೈಟಾನಿಯಂ, ಎಎಸ್‌ಟಿಎಂ ಎಫ್136 ಹೌದಾ? ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಉತ್ತರ ಕೊಡುವಾಗ ಮುಖ ಗಂಟಿಕ್ಕಿದರೆ ಎದ್ದು ಬನ್ನಿ. ಅಡ್ವಾನ್ಸ್ ಹೋದರೆ ಹೋಗಲಿ.

ಚುಚ್ಚಿದ ದಿನದ ಬಗ್ಗೆ ಹೇಳಲು ಹೆಚ್ಚಿಲ್ಲ. ನಿಂತಾಗಲೇ ಪೆನ್ನಿನಲ್ಲಿ ಗುರುತು, ಕನ್ನಡಿಯಲ್ಲಿ ನಾನು ಒಪ್ಪಿದ ಮೇಲೆ ಮಲಗಿಸಿ, ಉಸಿರು ಬಿಡಿ ಅಂದರು. 1.6 ಮಿಲಿಮೀಟರಿನ ಟೊಳ್ಳು ಸೂಜಿ. ಒಗ್ಗರಣೆ ಎಣ್ಣೆ ಸಿಡಿದಷ್ಟು ಉರಿ, ಮುಗಿಯಿತು.

ಕಷ್ಟ ಇದ್ದದ್ದು ಆಮೇಲಿನ ತಿಂಗಳುಗಳಲ್ಲಿ. ಹೊಕ್ಕುಳು ಪೂರ್ತಿ ಮಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಹೊರಗಿನಿಂದ ಒಳಕ್ಕೆ ಮಾಗುವುದರಿಂದ ಒಂದೇ ತಿಂಗಳಲ್ಲಿ ವಾಸಿಯಾದಂತೆ ಕಂಡು ಮೋಸ ಮಾಡುತ್ತದೆ. ದಿನಕ್ಕೆ ಎರಡು ಸಲ 0.9% ಸಲೈನ್, ಅಷ್ಟೇ. ತಿರುಗಿಸಬಾರದು, ಅರಿಶಿನ ಬೇಡ, ಎಣ್ಣೆ ಬೇಡ, ಈಜುಕೊಳ ಬೇಡ. ಸೋಂಕಾಯಿತು ಅನ್ನಿಸಿದರೆ ಒಡವೆಯನ್ನು ನಾವೇ ಕೀಳಬಾರದು. ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ನೇರ ಡಾಕ್ಟರ ಹತ್ತಿರ ಹೋಗಬೇಕು. ಬಳ್ಳಾರಿ ಜೀನ್ಸ್‌ನ ಊರಿನವಳಾದ ನಾನು ಎಂಟು ತಿಂಗಳು ಜೀನ್ಸ್ ಮುಟ್ಟಲಿಲ್ಲ.

ಆಮೇಲೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದಾಗ, ಕೋಣೆಯಲ್ಲಿ ಸೀರೆ ಉಡುತ್ತಿದ್ದವಳ ಹತ್ತಿರ ಅವ್ವ ಪಿನ್ನು ಹಿಡಿದು ಬಂದಳು. ನೋಡಿದಳು. ಪಿನ್ನು ಹಾಸಿಗೆ ಮೇಲಿಟ್ಟು ಹೊರಗೆ ಹೋದಳು. ಊಟಕ್ಕೆ ಕೂತಾಗಲೂ ಮಾತಿಲ್ಲ. ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಕುವಾಗ ನನ್ನ ಕೂದಲು ಸರಿಸಿ ಬಲಗಿವಿ ಮುಟ್ಟಿದಳು.

"ಇದು ಸಾಲಲಿಲ್ಲೇನು ನಿನಗೆ?"

ನಾನು ಸುಮ್ಮನಿದ್ದೆ.

"ಯಾರ ಕೈಲಿ ಚುಚ್ಚಿಸಿದಿ?"

ಎಲ್ಲ ಹೇಳಿದೆ. ಎದ್ದು ಬಂದದ್ದು, ಫೋನು, ಅಕ್ಕ ವಾಪಸ್ ಕಳಿಸಿದ್ದು, ದುಡ್ಡು ತಗೊಳ್ಳದೇ ಇದ್ದದ್ದು. ಅವ್ವ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಬರೋ ರೊಕ್ಕ ಬೇಡ ಅಂದಾಳಂದ್ರ ಕೈಗುಣ ಬೇಸೇ ಇರ್ಬೇಕು ಬಿಡು" ಅಂದಳು. ಮಗ್ಗುಲಾದ ಮೇಲೆ ಕತ್ತಲಲ್ಲಿ ಮತ್ತೆ ದನಿ ಬಂತು.

"ನಿಮ್ಮಪ್ಪಗ ಹೇಳ್ಬ್ಯಾಡ."