ಡೋಂಬಿವಲಿಯ ಹೆಸರಿನ ಸಂಖ್ಯೆ

2005ರ ಜುಲೈ 26ರ ರಾತ್ರಿ. ಮಳೆಗೆ ಲೋಕಲ್ ರೈಲು ನಿಂತಿತ್ತು, ಕರೆಂಟೂ ಹೋಗಿತ್ತು. ಕೆಳಗಿನ ಮನೆಗಳಿಗೆ ನೀರು ನುಗ್ಗಿದ್ದರಿಂದ ಡೋಂಬಿವಲಿಯ ನಮ್ಮ ಎರಡನೇ ಮಾಳಿಗೆಯ ಮನೆಯಲ್ಲಿ ಬಿಲ್ಡಿಂಗಿನ ಮಕ್ಕಳೆಲ್ಲ ಸೇರಿದ್ದರು. ಅವರನ್ನು ಸುಮ್ಮನಿರಿಸುವ ಕೆಲಸ ಕಾಕಾನ ಪಾಲಿಗೆ ಬಂತು. ಧಾರವಾಡದ ಕಡೆಯವರು, ಆಯುಷ್ಯವೆಲ್ಲ ಲೆಕ್ಕಪತ್ರದಲ್ಲೇ ಸವೆಸಿದವರು. ದೆವ್ವದ ಕಥೆ ಅವರಿಗೆ ಬರುತ್ತಿರಲಿಲ್ಲ.

"ನಿಮ್ಮ ಸ್ಟೇಷನ್ನಿನ ಹೆಸರಿನ ಸಂಖ್ಯಾ ಅದಾವ, ಗೊತ್ತೇನ್ರೋ?" ಎಂದರು.

ಡಹಾಣುವಿನಲ್ಲಿ 1905ರಲ್ಲಿ ಹುಟ್ಟಿ, ಠಾಣೆಯಲ್ಲಿ ಶಾಲೆ ಕಲಿತು, ದೇವಳಾಲಿಯಲ್ಲಿ ಮಾಸ್ತರಾಗಿದ್ದ ಕಾಪ್ರೇಕರರ ಕಥೆ ಅದು. ಜಿ.ಐ.ಪಿ. ರೈಲಿನ ಕಾಲದಲ್ಲಿ ಡೋಂಬಿವಲಿಗೆ ಡೆಮ್ಲೊ ಎಂಬ ಹೆಸರಿತ್ತಂತೆ. ತಮಗೆ ಈ ನಿಲ್ದಾಣದಲ್ಲಿ ಹೊಳೆದ ಸಂಖ್ಯೆಗಳಿಗೆ ಅವರು ಆ ಹೆಸರನ್ನೇ ಇಟ್ಟು, 1938ರಲ್ಲಿ ಗಣಿತ ಪತ್ರಿಕೆಯೊಂದರಲ್ಲಿ ಅವುಗಳ ಬಗ್ಗೆ ಬರೆದರು. 6174 ಎಂಬ ಸ್ಥಿರಾಂಕದಿಂದ ಕಾಪ್ರೇಕರ್ ಅನೇಕರಿಗೆ ಗೊತ್ತು. ಡೆಮ್ಲೊ ಎಂದರೆ ಮಾತ್ರ ಡೋಂಬಿವಲಿಯವರೇ ಮುಖ ಮುಖ ನೋಡುತ್ತಾರೆ.

ಮೇಣಬತ್ತಿಯ ಬೆಳಕಿನಲ್ಲಿ ಹಳೇ ಕ್ಯಾಲೆಂಡರಿನ ಬೆನ್ನಿಗೆ ಗುಣಾಕಾರ ಶುರುವಾಯಿತು. ಬರೀ ಒಂದುಗಳ ಸಾಲನ್ನು ವರ್ಗ ಮಾಡಿದಾಗ ಸಿಗುವ ಡೆಮ್ಲೊ ಸಂಖ್ಯೆಗಳು ಇವು: 11ರ ವರ್ಗ 121, 111ರದು 12321. ಒಂಬತ್ತು ಒಂದುಗಳ ವರ್ಗ 12345678987654321. ಹತ್ತನೆಯ ಒಂದು ಸೇರಿಸಿದ್ದೇ ತಡ, ಕೈಯಲ್ಲಿ ಉಳಿದದ್ದು ಮುಂದಕ್ಕೆ ಸರಿದು ಸಾಲು ಕೆಟ್ಟುಹೋಗುತ್ತದೆ: 1234567900987654321.

ಪಕ್ಕದ ಮನೆಯ ಹುಡುಗಿಗೆ ಇದು ಸಮಾಧಾನವಾಗಲಿಲ್ಲ. "ಕಾಕಾ, ವರ್ಗ ಬ್ಯಾಡ. ನಡುವ ಹತ್ತು ನಾನs ಬರೀತೀನಿ" ಎಂದು 12345678910987654321 ಬರೆದಳು. ಇದು ಯಾವುದರಿಂದ ಭಾಗವಾಗುತ್ತದೆ ಎಂದು ಎಲ್ಲರೂ ಅದರ ಬೆನ್ನುಬಿದ್ದರು. ಅಂಕಿಗಳ ಮೊತ್ತ 91, ಅಂದಮೇಲೆ 3 ಹೋಗದು. ಕಾಕಾ ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ, ಒಂದು ಗುಂಪು ಕೂಡಿ ಮುಂದಿನದು ಕಳೆಯುತ್ತ ಬಂದರು: 321ರಿಂದ 654 ಕಳೆ, 987 ಕೂಡು, 910 ಕಳೆ, 678 ಕೂಡು, 345 ಕಳೆ, 12 ಕೂಡು. ಉಳಿದದ್ದು 89. ಅದು 7, 11, 13ಕ್ಕೆ ಭಾಗವಾಗದ್ದರಿಂದ ಮೂಲ ಸಂಖ್ಯೆಯೂ ಆಗದು. 7, 11, 13ರ ಗುಣಲಬ್ಧ 1001 ಆಗಿರುವುದರ ಉಪಕಾರ ಇದು. ಒಂದೇ ಏಟಿಗೆ ಮೂರು ಹಕ್ಕಿ! ಮಕ್ಕಳು ಕೇಕೆ ಹಾಕಿದರು.

ಆದರೆ ಹೀಗೇ ಭಾಗಿಸುತ್ತ ಹೋದರೆ ಅದರ ವರ್ಗಮೂಲದವರೆಗಿನ, ಅಂದರೆ 351 ಕೋಟಿಯವರೆಗಿನ ಅವಿಭಾಜ್ಯಗಳನ್ನೆಲ್ಲ ನೋಡಬೇಕು. ಅವೇ 16 ಕೋಟಿಗೂ ಹೆಚ್ಚು. ಆ ಹುಡುಗಿ ಇಂಜಿನಿಯರಿಂಗ್ ಓದುವಾಗ ಒಂದು ದಿನ ಕಂಪ್ಯೂಟರಿಗೆ ಕೊಟ್ಟು ನೋಡಿದಳು. ಅದು ಅಷ್ಟೆಲ್ಲ ಭಾಗಿಸುವ ಗೋಜಿಗೇ ಹೋಗಲಿಲ್ಲ. ಘಾತಗಳ ಶೇಷ ಪರೀಕ್ಷಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ 'ಅವಿಭಾಜ್ಯ' ಎಂದಿತು. ಒಂಬತ್ತಕ್ಕೆ ನಿಂತಿದ್ದರೆ 3, 37, 333667 ಎಲ್ಲಕ್ಕೂ ಬಾಗುತ್ತಿದ್ದ ಸಂಖ್ಯೆ, ನಡುವೆ ಹತ್ತು ಬಂದ ಕೂಡಲೇ ಯಾರಿಗೂ ಜಗ್ಗದಾಯಿತು.

ಕಾಕಾಗೆ ಫೋನ್ ಮಾಡಿದಳು. "ಮತ್ತ 11 ಹಾಕಿದ್ರ?" ಎಂದರು.

"ಒಡೀತದ ಕಾಕಾ. 12ನೂ ಅಷ್ಟ. ಇನ್ನೊಂದು ಸಿಗೂದು ನಡುವ 2446 ಬಂದಾಗ. 17350 ಅಂಕಿ."

"ಅಷ್ಟು ಕ್ಯಾಲೆಂಡರ್ ಎಲ್ಲಿಂದ ತರೋಣವ್ವಾ!"